ತಾಟಿನ ಮೇಲೆ ಹಿಡಿದ ಕೈ

ಪಂಚಾಕ್ಷರಿ ಇಂಗ್ಲೆಂಡಿನಲ್ಲಿ ನರ್ಸಿಂಗ್ ಡಿಗ್ರಿಗೆ ಸೇರಿದಾಗ ಅವನಿಗೆ ನಲವತ್ತೆರಡು ವರ್ಷ. ಮೊದಲ ದಿನ ಲೆಕ್ಚರ್ ಹಾಲಿನ ಬಾಗಿಲಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಅವನ ಹತ್ತಿರ ಬಂದು, "ಸರ್, ಸಹಿ ಇಲ್ಲೇ ಹಾಕಬೇಕಾ?" ಎಂದು ಕೇಳಿದಳು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಿವಿಯ ಸುತ್ತ ಬೆಳ್ಳಗಾದ ಕೂದಲು. ಮೇಷ್ಟ್ರೆಂದು ತಿಳಿದದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. "ನಾನೂ ನಿನ್ನ ಕ್ಲಾಸೇ" ಎಂದ ಪಂಚಾಕ್ಷರಿ. ಅವಳು ನಂಬಲಿಲ್ಲ. ಅವನು ಬೆಂಚಿನ ಮೇಲೆ ಕೂತು ನೋಟ್‌ಬುಕ್ಕು ತೆಗೆದ ಮೇಲೆ ನಂಬಿದಳು.

ಸಂಜೆ ಇದನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ಸುಚೇತಾ ನಕ್ಕು ನಕ್ಕು ಸೋಫಾದ ಮೇಲೆ ಉರುಳಿದಳು. ಹದಿಮೂರರ ಮಗಳು ಆಶ್ರಿತಾ ಮಾತ್ರ ಫೋನಿನಿಂದ ತಲೆ ಎತ್ತದೆ, "ಅಪ್ಪ, ಪ್ಲೀಸ್. ಟುಮಾರೋ, ಟೀ ಶರ್ಟ್" ಎಂದಳು.

ಅದು ೨೦೧೨ರ ಸೆಪ್ಟೆಂಬರು. ಇಷ್ಟು ನಗೆಯಿಂದ ಶುರುವಾದ ಆ ಓದು ಎರಡನೆಯ ವರ್ಷದಲ್ಲಿ ಒಂದು ಕಪ್ ಚಹಾದ ದೆಸೆಯಿಂದ ಕೈತಪ್ಪಿ ಹೋಗುವುದರಲ್ಲಿತ್ತು. ಅದನ್ನು ಹೇಳಬೇಕೆಂದರೆ ಮೊದಲು ಖಾನಾವಳಿಯ ಮಾತು ಬರಬೇಕು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಮೆಡಿಕಲ್ ಕಾಲೇಜಿಗೆ ಹತ್ತಿರದ ಸಂದಿಯೊಂದರಲ್ಲಿ, ಪಂಚಾಕ್ಷರಿಯ ತಂದೆ ಚನ್ನಪ್ಪ ಖಾನಾವಳಿ ನಡೆಸುತ್ತಿದ್ದ. ಎಂಟು ಮೇಜು, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ಊಟಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಡಾಕ್ಟರಿಕೆ ಓದುವ ಹುಡುಗ ಹುಡುಗಿಯರು. ಪಿಯುಸಿ ಮುಗಿಸಿ ಬಡಿಸಲು ನಿಂತ ಮಗನಿಗೆ ಚನ್ನಪ್ಪ ಕಲಿಸಿದ್ದು ಒಂದೇ ವಿದ್ಯೆ. "ಬಾಯಿ ಮಾತು ನಂಬಬ್ಯಾಡೋ. ಮೊದಲನೇ ಸಲ ಬ್ಯಾಡ ಅನ್ನೂದು ನಾಚಿಕಿಗೆ. ಎರಡನೇ ಸಲ ಬ್ಯಾಡ ಅನ್ನೂದು ಮರ್ಯಾದಿಗೆ. ಮೂರನೇ ಸಲ ಏನಂತಾರ ನೋಡು, ಅದು ಹೊಟ್ಟಿ ಮಾತು. ಅದೂ ತಿಳೀಲಿಲ್ಲಂದ್ರ ಕೈ ನೋಡು."

ಕೈ ಎಂದರೆ ತಾಟಿನ ಮೇಲೆ ಅಡ್ಡ ಹಿಡಿದ ಕೈ. ನಿಜವಾಗಿ ಹೊಟ್ಟೆ ತುಂಬಿದವನು ಅಂಗೈಯನ್ನು ಪೂರ್ತಿ ಇಳಿಸಿ, ಮೈಯನ್ನೇ ಮುಂದೆ ಬಾಗಿಸಿ ತಾಟನ್ನು ಮುಚ್ಚುತ್ತಾನೆ. ಇನ್ನೂ ಜಾಗ ಇರುವವನ ಕೈ ಗೇಣೆತ್ತರದಲ್ಲಿ ತೇಲುತ್ತಿರುತ್ತದೆ. ಬೆರಳುಗಳ ನಡುವೆ ರೊಟ್ಟಿ ಜಾರುವಷ್ಟು ಸಂದಿ ಇರುತ್ತದೆ. ರಾಣೆಬೆನ್ನೂರಿನಿಂದ ಓದಲು ಬಂದಿದ್ದ, ತೆಳ್ಳಗೆ, ಮಾತು ಕಡಿಮೆ ಆಡುವ ಒಬ್ಬ ಹುಡುಗಿ ಐದು ವರ್ಷ ಪ್ರತಿದಿನ "ಸಾಕ್ರಿ" ಎನ್ನುತ್ತ ಬೆರಳಗಲಿಸಿ ಕೈ ಹಿಡಿಯುತ್ತಿದ್ದಳು. ಪಂಚಾಕ್ಷರಿ ಪ್ರತಿದಿನ ಮೂರನೆಯ ರೊಟ್ಟಿ ಹಾಕುತ್ತಿದ್ದ. ಪರೀಕ್ಷೆಯ ದಿನಗಳಲ್ಲಿ ಹಾಸ್ಟೆಲ್ಲಿನ ಗೇಟಿಗೆ ಡಬ್ಬಿ ಒಯ್ದು ಕೊಟ್ಟ. ಅವಳೇ ಸುಚೇತಾ. ಮದುವೆಯಾಗಿ ಇಷ್ಟು ವರ್ಷವಾದರೂ ಅವನು ಅವಳನ್ನು ಕರೆಯುವುದು "ಡಾಕ್ಟರ" ಎಂದೇ.

ಸುಚೇತಾ ಅರಿವಳಿಕೆಯ ಡಾಕ್ಟರಾದಳು. ೨೦೦೪ರಲ್ಲಿ ಅವಳಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಾಗ ಪಂಚಾಕ್ಷರಿ ಖಾನಾವಳಿಯನ್ನು ತಮ್ಮನಿಗೆ ಬಿಟ್ಟು, ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಹಿಂದೆಯೇ ಬಂದ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಪಕ್ಕದ ಊರಿನ ಒಂದು ಆಸ್ಪತ್ರೆಯಲ್ಲಿ ವಾರ್ಡುಗಳಿಗೆ ಊಟದ ಗಾಡಿ ತಳ್ಳುವ ಕೆಲಸಕ್ಕೆ ಸೇರಿದ. ಬಡಿಸುವುದೇ ತಾನೇ, ಕೈಗೆ ಪಳಗಿದ ಕೆಲಸ ಎಂದುಕೊಂಡ.

ಆದರೆ ಅಲ್ಲಿ ಬಡಿಸಿದ ತಾಟುಗಳು ಹಾಗೇ ವಾಪಸು ಬರುತ್ತಿದ್ದವು. ಖಾನಾವಳಿಯವನಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಒಂದು ದಿನ ಮುದುಕರೊಬ್ಬರ ಊಟ ಅವರ ಕೈಗೆ ಎಟುಕದಷ್ಟು ದೂರ ಆರುತ್ತಿದ್ದುದನ್ನು ನೋಡಿ ಮೇಜನ್ನು ಎಳೆದುಕೊಟ್ಟ, ಆಲೂಗಡ್ಡೆಯನ್ನು ಚಮಚದಲ್ಲಿ ಮಿದ್ದು ನಾಲ್ಕು ತುತ್ತು ತಿನ್ನಿಸಿದ. ವಾರ್ಡಿನವರು ಬಂದು, ಬೈಯಲಿಲ್ಲ, ಮೆತ್ತಗೆ ತಿಳಿಸಿ ಹೇಳಿದರು: ಅವರಿಗೆ ನುಂಗುವ ತೊಂದರೆ ಇದ್ದಿದ್ದರೆ? ತಿನ್ನಿಸುವುದು ನಿನ್ನ ಕೆಲಸವಲ್ಲ, ನರ್ಸಿಂಗ್ ಕೆಲಸ.

ಆ ದಿನ ಮನೆಗೆ ಬಂದು ಷೂ ಬಿಚ್ಚುತ್ತ, "ಹಂಗಾದ್ರ ನನಗ ಆ ಕೆಲಸಾನ ಬೇಕು, ಡಾಕ್ಟರ" ಎಂದ.

ಸುಚೇತಾ ಅವನ ಮುಖ ನೋಡಿದಳು. "ಮೂರು ವರ್ಷ ಓದಬೇಕಾಗ್ತದ್ರಿ. ಅದಕ್ಕೂ ಮೊದಲು ಒಂದು ವರ್ಷ ಕಾಲೇಜು. ಗಣಿತ ಬರ್ತದ."

"ನೂರ ಇಪ್ಪತ್ತು ಜನಕ್ಕ ಎಷ್ಟು ಹಿಟ್ಟು ನಾದಬೇಕು ಅಂತ ಬಾಯಾಗ ಹೇಳ್ತಿದ್ದೆ. ಔಷಧದ ಲೆಕ್ಕ ಬರೂದಿಲ್ಲೇನು?"

ಔಷಧದ ಲೆಕ್ಕ ಬಂತು. ಅದರಲ್ಲಿ ನೂರಕ್ಕೆ ನೂರು ತೆಗೆಯದವರನ್ನು ಮುಂದೆ ಬಿಡುವುದಿಲ್ಲ. ಅವನು ಎರಡು ವರ್ಷವೂ ಮೊದಲನೆಯ ಸಲಕ್ಕೇ ತೆಗೆದ. ಪ್ರಬಂಧ ಬರೆಯುವುದು ಮಾತ್ರ ಕಷ್ಟವಾಯಿತು. ಆಶ್ರಿತಾ ಅವನ ಇಂಗ್ಲಿಷು ತಿದ್ದಿಕೊಡುತ್ತಿದ್ದಳು. ಪ್ರತಿ ತಿದ್ದುಪಡಿಗೆ ಒಂದು ಚಪಾತಿ ರೋಲು ಎಂದು ಒಪ್ಪಂದ. ಅಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಡಾಕ್ಟರ್ ಜಗದೀಶ ಎಲ್ಲರೆದುರು, "ಪಂಚಾಕ್ಷರಿಯವರೇ, ನಿಮ್ಮನೆಯವರು ಮಲಗಿಸ್ತಾರೆ, ನೀವು ಎಬ್ಬಿಸ್ತೀರೋ?" ಎಂದು ಕಿಚಾಯಿಸಿದರು. "ಎದ್ದವರಿಗೆ ಊಟ ಹಾಕ್ತೀನಿ ಸಾರ್" ಎಂದು ಇವನು ಪಾಯಸದ ಸೌಟು ಹಿಡಿದು ಅವರ ಕಡೆಗೇ ನಡೆದ. ಜಗದೀಶರಿಗೆ ಸಕ್ಕರೆ ಕಾಯಿಲೆ. ಎರಡೂ ಕೈ ತಟ್ಟೆಯ ಮೇಲೆ ಇಳಿದವು.

ಆಮೇಲೆ ೨೦೧೪ರ ಮಾರ್ಚ್ ತಿಂಗಳು ಬಂತು.

ಎರಡನೆಯ ವರ್ಷದ ತರಬೇತಿಗೆ ಅವನನ್ನು ಒಂದು ಆಪರೇಷನ್ ವಾರ್ಡಿಗೆ ಹಾಕಿದ್ದರು. ಅವನ ಕೆಲಸ ನೋಡಿ, ಕೊನೆಗೆ ತೇರ್ಗಡೆಯ ಸಹಿ ಹಾಕಬೇಕಾದವಳು ಮೊರೀನ್ ಎಂಬ ಹಿರಿಯ ನರ್ಸು. ಮೂವತ್ತು ವರ್ಷ ಅದೇ ವಾರ್ಡಿನಲ್ಲಿ ಸವೆದವಳು. ಗಿಡ್ಡಗೆ, ದಪ್ಪ ಕನ್ನಡಕ, ನಕ್ಕರೆ ಬಾಗಿಲಿನಾಚೆಗೆ ಕೇಳುತ್ತಿತ್ತು. ಅವನ ಹೆಸರನ್ನು ಮೂರು ದಿನ ಪ್ರಯತ್ನ ಪಟ್ಟು, ನಾಲ್ಕನೆಯ ದಿನದಿಂದ "ಪಂಚ್" ಎಂದು ಕರೆಯತೊಡಗಿದಳು.

ಆ ಬೆಳಿಗ್ಗೆ ಜನ ಕಡಿಮೆ ಇದ್ದರು. ಚಹಾದ ಗಾಡಿಗೆ ಯಾರೂ ಇರಲಿಲ್ಲ. ಪಂಚಾಕ್ಷರಿ ತಾನಾಗಿ ಗಾಡಿ ಹಿಡಿದ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಿಸ್ಟರ್ ಪಾರ್ಜಿಟರ್ ಇದ್ದರು, ಎಪ್ಪತ್ತೊಂದು ವಯಸ್ಸು, ಹರ್ನಿಯಾ. ಅರ್ಧ ಗಂಟೆಯ ಹಿಂದಷ್ಟೇ ಅವರನ್ನು ಬೇರೆ ಹಾಸಿಗೆಯಿಂದ ಇಲ್ಲಿಗೆ ಸರಿಸಿದ್ದರು. ಆಪರೇಷನ್ನಿಗೆ ಮೊದಲು ಬಾಯಿಗೆ ಏನನ್ನೂ ಕೊಡಬಾರದು ಎನ್ನುವ ಫಲಕ ಮಾತ್ರ ಹಳೆಯ ಹಾಸಿಗೆಯ ಮೇಲೇ ಉಳಿದಿತ್ತು.

"ಚಹಾ?"

"ಬೇಡಪ್ಪ, ಥ್ಯಾಂಕ್ಸ್."

ಮುದುಕರ ಕಣ್ಣು ಗಾಡಿಯ ಮೇಲಿತ್ತು. ಪಂಚಾಕ್ಷರಿ ಅದನ್ನು ನೋಡಿದ. "ಬಿಸಿ ಇದೆ. ಈಗಷ್ಟೇ ಮಾಡಿದ್ದು."

"ಇಲ್ಲ, ಇಲ್ಲ. ಇರಲಿ."

"ಅರ್ಧ ಕಪ್ ತಗೊಳ್ಳಿ. ಜೊತೆಗೆ ಒಂದು ಬಿಸ್ಕತ್ತು. ನನಗೋಸ್ಕರ."

ಪಾರ್ಜಿಟರ್ ನಿಟ್ಟುಸಿರು ಬಿಟ್ಟು ನಕ್ಕರು. "ನೀನು ಇಷ್ಟು ಹೇಳ್ತೀಯಾ ಅಂದಮೇಲೆ ತಗೊಳ್ತೀನಿ. ಹಾಲು ಹಾಕು, ಎರಡು ಸಕ್ಕರೆ."

ಕಪ್ಪು ಖಾಲಿಯಾಗಿ ಹತ್ತು ನಿಮಿಷಕ್ಕೆ ಆಪರೇಷನ್ ಥಿಯೇಟರಿನವರು ಅವರನ್ನು ಕರೆದೊಯ್ಯಲು ಬಂದರು. ಆಪರೇಷನ್ ರದ್ದಾಯಿತು. ಹೊಸ ದಿನ ಸಿಕ್ಕಿದ್ದು ಎಂಟು ದಿನಗಳ ಆಚೆಗೆ. ಅಪ್ಪನನ್ನು ನೋಡಿಕೊಳ್ಳಲು ರಜೆ ಹಾಕಿ ಬಂದಿದ್ದ ಮಗಳು ಕೋಟಿನ ಗುಂಡಿ ಹಾಕಿಕೊಂಡು ಸುಮ್ಮನೆ ಅವರ ಚೀಲ ತುಂಬಿದಳು. ಅವಳು ಕೂಗಾಡಿದ್ದರೆ ಪಂಚಾಕ್ಷರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮೊರೀನ್ ಅವನನ್ನು ಪುಟ್ಟ ಆಫೀಸಿಗೆ ಕರೆದಳು. "ಫಲಕ ಸರಿಸದೆ ಇದ್ದದ್ದು ನಮ್ಮ ತಪ್ಪು. ಅದನ್ನು ಬರೀತೀನಿ. ಆದರೆ ಪಂಚ್, ಆತ ಎರಡು ಸಲ ಬೇಡ ಅಂದ."

"ಹೌದು."

"ಯಾಕೆ ಬೇಡ ಅಂತ ಕೇಳಿದೆಯಾ?"

ಹದಿನಾರು ವರ್ಷಗಳ ಖಾನಾವಳಿಯಲ್ಲಿ ಅವನು ಯಾರನ್ನೂ ಯಾಕೆ ಎಂದು ಕೇಳಿರಲಿಲ್ಲ. ಹಾಕಿಕೊಳ್ಳಿ ಎಂದಷ್ಟೇ ಹೇಳಿದ್ದ.

ತರಬೇತಿಯಲ್ಲಿ ಅವನು ಫೇಲಾದ. ಇನ್ನೊಂದೇ ಅವಕಾಶ, ಜೂನ್ ತಿಂಗಳಿಂದ ಆರು ವಾರ, ಅದೇ ವಾರ್ಡು, ಅದೇ ಮೊರೀನ್. ಅದರಲ್ಲೂ ಫೇಲಾದರೆ ಕೋರ್ಸಿನಿಂದ ಹೊರಗೆ. ಷರತ್ತುಗಳ ಹಾಳೆಯಲ್ಲಿ ಮೊರೀನ್ ತನ್ನ ಗುಂಡು ಅಕ್ಷರದಲ್ಲಿ ಬರೆದಳು: ರೋಗಿಯ ಮೊದಲನೆಯ ಉತ್ತರವನ್ನು ಗೌರವಿಸಬೇಕು, ಒತ್ತಾಯ ಮಾಡಬಾರದು.

ಸುಚೇತಾಳಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಹಾಲಿನ ಚಹಾ ಕುಡಿದವರನ್ನು ಮಲಗಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಬರಬಹುದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಲ್ಲ ಕೇಳಿದ ಮೇಲೆ ಅವಳು ಲೋಟ ಎತ್ತಿಕೊಂಡು ಎದ್ದಳು. ಪಾತ್ರೆ ತೊಳೆಯುವ ತೊಟ್ಟಿಯ ಕಡೆ ತಿರುಗಿ ನಿಂತೇ ಹೇಳಿದಳು. "ಹತ್ತು ವರ್ಷದಿಂದ ವಾರಕ್ಕೊಮ್ಮೆ ಬೈತೀನಿ ನಾ, ಯಾವ ನರ್ಸಪ್ಪ ಇದನ್ನ ಕುಡಿಸಿದಾವ ಅಂತ. ಈಗ ಅಂವ ನಮ್ಮ ಮನ್ಯಾಗ ಇದ್ದಾನ."

"ಬೈಯಿ, ಡಾಕ್ಟರ."

"ಬೈಯೂದಿಲ್ಲ." ಅವಳು ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ತುಟಿಯ ತುದಿಯಲ್ಲಿ ನಗೆಯೂ ಇತ್ತು. "ನನ್ನೂ ಹಿಂಗ ಹಾಳ ಮಾಡೀರಿ. ಐದು ವರ್ಷ."

ಪಂಚಾಕ್ಷರಿಗೆ ನಗು ಬರಲಿಲ್ಲ. ಆ ದಿನದಿಂದ ಅವನು ಮನೆಯಲ್ಲೂ ಒಂದೇ ಸಲ ಕೇಳತೊಡಗಿದ. ಅಭ್ಯಾಸ ಬಿಡಬೇಕೆಂದರೆ ಪೂರ್ತಿ ಬಿಡಬೇಕು ಎಂಬ ಹಟ. ಡಡ್ಲಿ ರೋಡಿನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತಂದು ರೊಟ್ಟಿ ಬಡಿಯುತ್ತಿದ್ದ. "ಇನ್ನೊಂದು?" ಎನ್ನುತ್ತಿದ್ದ. ಸುಚೇತಾ "ಸಾಕ್ರಿ" ಎಂದು ಕೈ ಹಿಡಿದು ಕಾಯುತ್ತಿದ್ದಳು. ಅವನು ರೊಟ್ಟಿ ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದ. ತಾಟಿನ ಮೇಲೆ ಕೈ ಒಂದಷ್ಟು ಹೊತ್ತು ಹಾಗೇ ನಿಂತಿರುತ್ತಿತ್ತು, ಬಸ್ಸು ತಪ್ಪಿಸಿಕೊಂಡವರ ಹಾಗೆ.

ಎರಡು ವಾರವಾದ ಮೇಲೆ ಅವಳು ಬಿಸ್ಕತ್ತಿನ ಡಬ್ಬಿ ತೆರೆಯುವುದನ್ನು ಮಗಳು ಕಂಡಳು.

"ಅಮ್ಮ, ಜಸ್ಟ್ ಸೇ ಯೆಸ್ ದ ಫಸ್ಟ್ ಟೈಮ್!"

"ಮೊದಲನೇ ಸಲಕ್ಕೇ ಹೂಂ ಅನ್ನೂದು ಹೆಂಗಲೇ? ನಮ್ಮ ಮನ್ಯಾಗ ಹಂಗ ಕಲಿಸಿಲ್ಲ."

"ಯೂ ಟೂ ಆರ್ ಮ್ಯಾಡ್" ಎಂದು ಆಶ್ರಿತಾ ಡಬ್ಬಿಯಿಂದ ತಾನೂ ಎರಡು ಬಿಸ್ಕತ್ತು ತೆಗೆದುಕೊಂಡು ಮಹಡಿ ಹತ್ತಿದಳು.

ಜೂನ್ ಬಂತು. ವಾರ್ಡಿನಲ್ಲಿ ಪಂಚಾಕ್ಷರಿ ಹೊಸ ಮನುಷ್ಯನಾಗಿದ್ದ. ಕೇಳುತ್ತಿದ್ದ, ಉತ್ತರ ಬರೆದುಕೊಳ್ಳುತ್ತಿದ್ದ, ಮುಂದಿನ ಹಾಸಿಗೆಗೆ ಹೋಗುತ್ತಿದ್ದ. ತಪ್ಪು ಒಂದೂ ಇರಲಿಲ್ಲ. ಮೊರೀನಳ ಹಾಳೆಯಲ್ಲಿ ಸರಿ ಗುರುತುಗಳು ಒಂದರ ಕೆಳಗೊಂದು ಬೀಳುತ್ತಿದ್ದವು. ಆದರೂ ಅವಳು ಒಮ್ಮೆ, "ಯಾಕೋ ನೀನು ಈಗ ಕರೆಂಟ್ ಮೀಟರ್ ಓದಲು ಬಂದವನ ಹಾಗೆ ಕಾಣ್ತೀಯಾ" ಎಂದಳು. ಅದು ಮೆಚ್ಚುಗೆಯೋ ದೂರೋ ಅವನಿಗೆ ತಿಳಿಯಲಿಲ್ಲ.

ಕೊನೆಯ ವಾರದ ಗುರುವಾರ. ಆ ಮಧ್ಯಾಹ್ನ ಮೊರೀನ್ ಅವನ ಹಿಂದೆಯೇ ನಿಂತು ನೋಡಿ ಕೊನೆಯ ನಿರ್ಧಾರ ಬರೆಯಬೇಕಿತ್ತು. ಆರು ಹಾಸಿಗೆಗಳ ಕೋಣೆಯ ಬಾಗಿಲಲ್ಲಿ, ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದಳು.

ಮೂರನೆಯ ಹಾಸಿಗೆಯಲ್ಲಿ ಮಿಸೆಸ್ ಟ್ರಾಂಟರ್ ಇದ್ದರು. ಎಪ್ಪತ್ತೆಂಟು ವಯಸ್ಸು. ಬಸ್ಸಿನಿಂದ ಇಳಿಯುವಾಗ ಬಿದ್ದು ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು; ಬೆಳಿಗ್ಗೆ ಪ್ಲಾಸ್ಟರ್ ಹಾಕಿದ್ದರು. ಎರಡು ಗಂಟೆಗೆ ಇನ್ನೊಬ್ಬ ನರ್ಸು ಕಾಲಿನ ಬೆರಳು ಮುಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ಬರೆದಿದ್ದಳು. ಮತ್ತೆ ನೋಡಬೇಕಾದದ್ದು ನಾಲ್ಕಕ್ಕೆ. ಈಗ ಮೂರಕ್ಕೆ ಹತ್ತು ನಿಮಿಷ.

"ನೋವಿದೆಯಾ, ಮಿಸೆಸ್ ಟ್ರಾಂಟರ್?"

"ಏನಿಲ್ಲ ಬ್ಯಾಬ್, ಚೆನ್ನಾಗಿದೀನಿ." ಆ ಕಡೆಯ ಮುದುಕಿಯರು ಮಗುವಿಗೂ ಮುದುಕನಿಗೂ ಅಕ್ಕರೆಯಿಂದ ಬ್ಯಾಬ್ ಎನ್ನುತ್ತಾರೆ.

ಅವನು ಬರೆದುಕೊಂಡ. ಮುಂದಿನ ಹಾಸಿಗೆಗೆ ಹೋದ. ಹೋಗುವಾಗ ಕಣ್ಣ ಕೊನೆಯಲ್ಲಿ ಏನೋ ಸಿಕ್ಕಿಕೊಂಡಿತು. ಮುದುಕಿಯ ತೊಡೆಯ ಮೇಲೆ ಪದಬಂಧದ ಪುಸ್ತಕ ತೆರೆದಿತ್ತು. ಪೆನ್ಸಿಲು ಒಂದೇ ಚೌಕದ ಮೇಲೆ ನಿಂತಿತ್ತು. ಇನ್ನೊಂದು ಕೈ ಹೊದಿಕೆಯ ಮೇಲೆ, ಪ್ಲಾಸ್ಟರಿಗೆ ಗೇಣೆತ್ತರದಲ್ಲಿ ತೇಲುತ್ತಿತ್ತು. ಮುಟ್ಟುತ್ತಲೂ ಇರಲಿಲ್ಲ, ದೂರ ಸರಿಯುತ್ತಲೂ ಇರಲಿಲ್ಲ. ಬೆರಳುಗಳು ಅಗಲವಾಗಿದ್ದವು.

ಆ ಕೈ ಅವನಿಗೆ ಗೊತ್ತಿತ್ತು. ವಿದ್ಯಾನಗರದ ಸಂದಿಯಲ್ಲಿ ದಿನಕ್ಕೆ ನೂರು ಸಲ ನೋಡಿದ್ದ ಕೈ.

ಬಾಗಿಲಲ್ಲಿ ಮೊರೀನ್ ನಿಂತಿದ್ದಳು. ಷರತ್ತಿನ ಸಾಲು ಅವನಿಗೆ ಬಾಯಿಪಾಠವಾಗಿತ್ತು. ಪಂಚಾಕ್ಷರಿ ಎರಡು ಹಾಸಿಗೆಗಳ ನಡುವೆ ನಿಂತ. ಎರಡು ವರ್ಷದ ಓದು, ಮಗಳು ತಿದ್ದಿದ ಪ್ರಬಂಧಗಳು, ನಾಳೆ ಮತ್ತೆ ಊಟದ ಗಾಡಿ. ಎಲ್ಲವೂ ಮೂರನೆಯ ಹಾಸಿಗೆಗೆ ಮರಳುವ ನಾಲ್ಕು ಹೆಜ್ಜೆಯಲ್ಲಿತ್ತು. ಅವನು ಹಿಂದಿರುಗಿದ.

"ಮಿಸೆಸ್ ಟ್ರಾಂಟರ್, ಕಾಲು ನಿಜವಾಗಿಯೂ ಆರಾಮಾಗಿದೆಯಾ?"

"ಹೇಳಿದೆನಲ್ಲ ಬ್ಯಾಬ್. ಹೋಗು, ಕಷ್ಟದಲ್ಲಿ ಇರೋರನ್ನ ನೋಡು."

ಎರಡು ಸಲ ಆಯಿತು. ಬೆನ್ನ ಹಿಂದೆ ಮೊರೀನಳ ಷೂ ಸದ್ದು ಮಾಡಿತು. ಪಂಚಾಕ್ಷರಿ ಕುರ್ಚಿ ಎಳೆದುಕೊಂಡು ಕೂತ. ಈ ಸಲ ಅದೇ ಪ್ರಶ್ನೆಯನ್ನು ಕೇಳಲಿಲ್ಲ.

"ನೀವು ಇಲ್ಲ ಅಂತಿರೋದು ನೋವಿಲ್ಲ ಅಂತಲೋ, ನಮಗೆ ತೊಂದರೆ ಆಗಬಾರದು ಅಂತಲೋ?"

ಮುದುಕಿ ಪೆನ್ಸಿಲು ಕೆಳಗಿಟ್ಟರು. "ನೀವು ಮೂರೇ ಜನ ಓಡಾಡ್ತಿದೀರಿ ಬೆಳಿಗ್ಗೆಯಿಂದ. ಸಣ್ಣದಕ್ಕೆಲ್ಲ ಕರೆಯೋದು ಹೇಗೆ? ಬಿಗೀತಿದೆ, ಅಷ್ಟೆ. ಸುಮಾರು ಅರ್ಧ ಗಂಟೆಯಿಂದ. ಈಗ ಬೆರಳು ನನ್ನವಲ್ಲ ಅನ್ನಿಸ್ತಿದೆ."

ಅವನು ಹೊದಿಕೆ ಸರಿಸಿದ. ಬೆರಳುಗಳು ನಾದಿಟ್ಟ ಹಿಟ್ಟಿನ ಹಾಗೆ ಬಿಳುಪಾಗಿ, ತಣ್ಣಗಿದ್ದವು. ಒತ್ತಿ ಬಿಟ್ಟರೆ ರಕ್ತ ಮರಳಲಿಲ್ಲ.

"ಮೊರೀನ್" ಎಂದ. ಕೂಗಬೇಕಾಗಿರಲಿಲ್ಲ, ಅವಳು ಪಕ್ಕದಲ್ಲೇ ಇದ್ದಳು.

ಆಮೇಲಿನದೆಲ್ಲ ಬೇಗ ನಡೆಯಿತು. ಡಾಕ್ಟರು ಓಡಿ ಬಂದರು, ಗರಗಸ ಗುಂಯ್ಯೆಂದಿತು, ಪ್ಲಾಸ್ಟರ್ ಉದ್ದಕ್ಕೂ ಸೀಳಿತು. ಮಿಸೆಸ್ ಟ್ರಾಂಟರ್ ಪಂಚಾಕ್ಷರಿಯ ಬೆರಳುಗಳನ್ನು ಹಿಡಿದು, ಎಲ್ಲರ ಕ್ಷಮೆ ಕೇಳುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವರ ಕಾಲಿನ ಹೆಬ್ಬೆರಳು ಮೊದಲು ಕೆಂಪಾಯಿತು, ಆಮೇಲೆ ಉಳಿದವು. ನಾಲ್ಕು ಗಂಟೆಯವರೆಗೆ ಬಿಟ್ಟಿದ್ದರೆ ಕಾಲಿನ ಗತಿ ಬೇರೆಯೇ ಆಗುತ್ತಿತ್ತು ಎಂದು ಡಾಕ್ಟರು ಮೊರೀನಳಿಗೆ ಹೇಳಿದ್ದು ಅವನ ಕಿವಿಗೂ ಬಿತ್ತು.

ಸಂಜೆ ಪುಟ್ಟ ಆಫೀಸಿನಲ್ಲಿ ಮೊರೀನ್ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಕನ್ನಡಕ ತೆಗೆದು ಒರೆಸಿದಳು.

"ನಾನು ಬರೆದಿದ್ದ ಷರತ್ತು ನನ್ನ ಕಣ್ಣೆದುರೇ ಮುರಿದೆ."

"ಹೌದು."

"ಯಾಕೆ ಹಿಂದೆ ಹೋದೆ?"

ಅವನು ತನ್ನ ಕೈಯನ್ನು ಮೇಜಿನ ಮೇಲೆ ಗೇಣೆತ್ತರಕ್ಕೆ ಹಿಡಿದು ತೋರಿಸಿದ. ಆಮೇಲೆ ಪೂರ್ತಿ ಇಳಿಸಿ ತೋರಿಸಿದ. ಖಾನಾವಳಿಯ ಕಥೆಯನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದ. ರೊಟ್ಟಿ ಎಂದರೇನು ಎಂದು ನಡುವೆ ವಿವರಿಸಬೇಕಾಯಿತು. ಮೊರೀನ್ ಕೇಳಿಸಿಕೊಂಡಳು. ಪೆನ್ನು ತೆಗೆದು, ಒತ್ತಾಯ ಮಾಡಬಾರದು ಎಂಬುದನ್ನು ಹಾಗೇ ಬಿಟ್ಟು, ಮೊದಲನೆಯ ಉತ್ತರ ಎಂಬ ಮಾತನ್ನು ಹೊಡೆದು ಹಾಕಿದಳು. ಬದಿಯಲ್ಲಿ ನಿಜವಾದ ಉತ್ತರ ಎಂದು ಬರೆದಳು. ಕೆಳಗೆ ತೇರ್ಗಡೆಯ ಸಹಿ ಹಾಕಿದಳು.

"ಹೋಗಿ ಚಹಾ ಮಾಡಿಕೊಂಡು ಬಾ. ಜೊತೆಗೆ ಬಿಸ್ಕತ್ತು ಬೇಕಾ ಅಂತ ನನ್ನನ್ನ ಒಂದೇ ಸಲ ಕೇಳು."

ಅವನು ಕೇಳಿದ. ಅವಳು ಬೇಕು ಎಂದಳು.

ಬಸ್ಸಿನಲ್ಲಿ ಬರುವಾಗ ಸುಚೇತಾಳಿಗೆ ಮೆಸೇಜು ಮಾಡೋಣ ಎಂದು ಫೋನು ತೆಗೆದ. ಏನು ಬರೆಯಬೇಕೆಂದು ತೋಚದೆ ಮತ್ತೆ ಜೇಬಿಗೆ ಹಾಕಿದ. ಮನೆ ಮುಟ್ಟಿದಾಗ ಹಿತ್ತಿಲಿನ ಬೇಲಿಯ ಮೇಲೆ ಇನ್ನೂ ಬಿಸಿಲಿತ್ತು. ಸುಚೇತಾ ಆಗಲೇ ಬಂದಿದ್ದಳು. ಕೆಲಸದ ಬಟ್ಟೆಯಲ್ಲೇ ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತಿದ್ದಳು. ಇವತ್ತು ಕೊನೆಯ ಪರೀಕ್ಷೆ ಎಂದು ಗೊತ್ತಿತ್ತು; ಅವನ ಮುಖ ನೋಡಿದಳು, ಏನೂ ಕೇಳಲಿಲ್ಲ. ಆಶ್ರಿತಾ ಕೂಡ ಫೋನು ಮಗುಚಿಟ್ಟು ಕೂತಿದ್ದಳು. ಪಂಚಾಕ್ಷರಿ ಕೈ ತೊಳೆದು, ಹಿಟ್ಟು ನಾದಿ, ಹಂಚು ಕಾಯಿಸಿದ. ರೊಟ್ಟಿ ಬಡಿಯತೊಡಗಿದ.

ಎರಡು ರೊಟ್ಟಿ ಮುಗಿದವು.

"ಇನ್ನೊಂದು ಹಾಕಲೇನು?"

"ಸಾಕ್ರಿ" ಎಂದಳು ಸುಚೇತಾ. ಕೈ ತಾನಾಗಿ ತಾಟಿನ ಮೇಲೆ ಬಂತು. ಮೂರು ತಿಂಗಳಿನಿಂದ ಮುಚ್ಚಳದ ಸದ್ದು ಕೇಳಿ ಕೇಳಿ ಅಭ್ಯಾಸವಾಗಿದ್ದ ಅವಳು ಅದನ್ನು ಅಷ್ಟರಲ್ಲೇ ಹಿಂದಕ್ಕೆ ತೆಗೆಯುವುದರಲ್ಲಿದ್ದಳು.

ಪಂಚಾಕ್ಷರಿ ಮುಚ್ಚಳ ಹಾಕಲಿಲ್ಲ. ಹಂಚಿನಿಂದ ಉಬ್ಬಿದ ರೊಟ್ಟಿಯನ್ನು ಎತ್ತಿಕೊಂಡು ಬಂದು ಅವಳ ಪಕ್ಕದಲ್ಲಿ ನಿಂತ. ಬಾಗಿ ಆ ಕೈಯನ್ನೇ ನೋಡಿದ. ಗೇಣೆತ್ತರ, ಬೆರಳು ಅಗಲ.

"ಯಾಕ ಸಾಕು, ಡಾಕ್ಟರ? ಹೊಟ್ಟಿ ತುಂಬೇತೋ, ನಾ ದಣದೀನಿ ಅಂತನೋ?"

ಅವಳು ಕೈ ಸರಿಸಲಿಲ್ಲ. ರೊಟ್ಟಿ ಬೆರಳುಗಳ ಸಂದಿಯಿಂದ ಜಾರಿ ತಾಟಿಗೆ ಬಿತ್ತು.

"ಅಯ್ಯ, ಸಾಕು ಅಂದ್ನಲ್ರೀ!" ಎಂದಳು ಸುಚೇತಾ. ಆಮೇಲೆ ಏನೋ ಹೊಳೆದು, ತುತ್ತು ಮುರಿಯುತ್ತಿದ್ದವಳು ಕೈ ತಡೆದು ಅವನ ಮುಖಕ್ಕೆ ಕಣ್ಣೆತ್ತಿದಳು. "ರೀ... ಪಾಸಾದ್ರೇನು?"

"ಮೊದಲ ಉಣ್ಣು. ಆರತದ" ಎಂದು ಪಂಚಾಕ್ಷರಿ ಬೆಣ್ಣೆಯ ಡಬ್ಬಿ ಹುಡುಕತೊಡಗಿದ.